ಹೊಸ ಹವಳದ ಟ್ಯಾಂಕ್: ಮೊದಲ ವರ್ಷ ದಾಟಿಸುವ ಬಗೆ

ನನ್ನ ಕೈಯಲ್ಲಿ ಸತ್ತ ಮೊದಲ ಹವಳ ಒಂದು ಲೆದರ್ ಕೋರಲ್, ತೊಗಲಿನಂಥ ಮೈಯ ಮೆತ್ತನೆ ಹವಳ. ತಂದ ಮೇಲೆ ಮೂರು ವಾರ ಚೆನ್ನಾಗಿಯೇ ಅರಳಿಕೊಂಡಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮುದುಡಿಕೊಂಡು, ಮೈಮೇಲೆಲ್ಲ ಮೇಣ ಬಳಿದ ಹಾಗೆ ಪೊರೆ ಕಟ್ಟಿ ಕೂತಿದೆ. ಗಾಬರಿಯಲ್ಲಿ ಅವತ್ತೇ ಅರ್ಧ ಟ್ಯಾಂಕ್ ನೀರು ಬದಲಿಸಿದೆ. ಮರುದಿನ ಬೆಳಕು ಸಾಲದೇನೋ ಎಂದು ಲೈಟಿನ ಹತ್ತಿರಕ್ಕೆ ಎತ್ತಿಟ್ಟೆ. ಮೂರನೇ ದಿನ ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಕಡಿಮೆ ಕಂಡಿತೆಂದು ಸೋಡ ಸುರಿದೆ. ಎರಡನೇ ವಾರಕ್ಕೆ ಅದು ಬುಡದಿಂದ ಕೊಳೆಯತೊಡಗಿತು. ಲೆದರ್ ಕೋರಲ್‌ಗಳು ಹಾವು ಪೊರೆ ಬಿಟ್ಟ ಹಾಗೆ ಆಗಾಗ ಮೇಲ್ಪದರ ಕಳಚುತ್ತವೆ, ಆಗ ನಾಲ್ಕು ದಿನವೋ ಒಂದು ವಾರವೋ ಮುದುಡಿಯೇ ಇರುತ್ತವೆ ಎಂದು ಗೊತ್ತಾದದ್ದು ಅದು ಸತ್ತ ಮೇಲೆ. ನಾನು ಸುಮ್ಮನಿದ್ದಿದ್ದರೆ ಅದು ಬದುಕುತ್ತಿತ್ತು.

ಆದ್ದರಿಂದ ಈ ಬರಹದಲ್ಲಿ ಏನು ಮಾಡಬೇಕು ಎಂಬುದರಷ್ಟೇ, ಯಾವಾಗ ಕೈ ಹಾಕಬಾರದು ಎಂಬುದೂ ಇದೆ. ಉದಾಹರಣೆಗೆ ನನ್ನದೇ ಅಳತೆ ಇಟ್ಟುಕೊಳ್ಳುತ್ತೇನೆ: ಬೆಂಗಳೂರಿನ ಅಪಾರ್ಟ್‌ಮೆಂಟು, ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ಟ್ಯಾಂಕ್. ಲೆಕ್ಕಕ್ಕೆ 190 ಲೀಟರ್, ಕಲ್ಲು ಮರಳು ಕಳೆದರೆ ಸುಮಾರು 160. ಇದಕ್ಕಿಂತ ಚಿಕ್ಕದು ಸುಲಭ ಎಂದುಕೊಳ್ಳಬೇಡಿ. ನೀರು ಕಡಿಮೆಯಾದಷ್ಟೂ ಉಪ್ಪು, ಬಿಸಿ ಎಲ್ಲ ಬೇಗ ಏರುಪೇರಾಗುತ್ತದೆ.

ಮೊದಲು ಕಾನೂನು, ಆಮೇಲೆ ಆಸೆ

ಹವಳ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಉಂಗುರದ ಕೆಂಪು ಹವಳ. ಅದರ ಕುಲವೇ ಬೇರೆ. ಬೆಳಕಿನ ಹಂಗಿಲ್ಲದೆ ಆಳದಲ್ಲಿ, ಕತ್ತಲ ಗವಿಗಳಲ್ಲಿ ಬೆಳೆಯುವ ಜೀವಿ ಅದು. ನಾವು ಟ್ಯಾಂಕಿನಲ್ಲಿ ಸಾಕುವ ಹವಳಗಳ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ. ಅದು ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಉಣಿಸುತ್ತದೆ. ಬಿಸಿ ಹೆಚ್ಚಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಸಮುದ್ರ ಕಾದಾಗ ಆದದ್ದು ಇದೇ.

ಭಾರತದಲ್ಲಿ ಸುಣ್ಣದ ಅಸ್ಥಿಪಂಜರ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿಗಿರುವ ರಕ್ಷಣೆಯೇ ಇವಕ್ಕೂ ಇದೆ. ಸಮುದ್ರ ಬೀಸಣಿಗೆ, ಕಪ್ಪು ಹವಳ, ಸಮುದ್ರ ಕುದುರೆ ಕೂಡ ಇದೇ ಕಾಯ್ದೆಯ ರಕ್ಷಣೆಯಲ್ಲಿವೆ. ಮುರ್ಡೇಶ್ವರದ ಹತ್ತಿರ ನೇತ್ರಾಣಿಗೆ ಡೈವಿಂಗ್ ಹೋದವರು ಒಂದು ಚೂರನ್ನೂ ಜೇಬಿಗೆ ಹಾಕಿಕೊಳ್ಳುವಂತಿಲ್ಲ. ಅಂಗಡಿಯ ಮೂಲೆಯಲ್ಲಿ ಅಲಂಕಾರಕ್ಕೆಂದು ಮಾರುವ ಬಿಳಿ ಹವಳದ ಮೂಳೆಯೂ ಸಮುದ್ರದಿಂದ ಕಿತ್ತದ್ದೇ, ಅದನ್ನು ಮುಟ್ಟಬೇಡಿ. ಹೊರದೇಶದಿಂದ ಬಂದ ಗಟ್ಟಿ ಹವಳಕ್ಕೂ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ) ಒಪ್ಪಂದದ ಕಾಗದಪತ್ರ ಬೇಕು.

ಹಾಗಾದರೆ ಉಳಿಯುವುದು ಯಾವುದು? ಮೆತ್ತನೆ ಹವಳಗಳು: ಮಶ್ರೂಮ್, ಜೋವಾಂಥಿಡ್, ಲೆದರ್, ಕೆನ್ಯಾ ಟ್ರೀ, ಜೀನಿಯಾ. ಹೊಸಬರಿಗೆ ಇವೇ ಸರಿ. ಇವು ಸುಣ್ಣದ ಮನೆ ಕಟ್ಟುವುದಿಲ್ಲವಾದ್ದರಿಂದ ಕ್ಯಾಲ್ಸಿಯಂ ಬೇಡಿಕೆ ಕಡಿಮೆ, ನೀರಿನ ಸಣ್ಣಪುಟ್ಟ ತಪ್ಪು ಸಹಿಸಿಕೊಳ್ಳುತ್ತವೆ. ಕೊಂಡಾಗ ಬಿಲ್ ಕೇಳಿ ಪಡೆದು ಇಟ್ಟುಕೊಳ್ಳಿ. ಅಮೆರಿಕದಲ್ಲೋ ಜರ್ಮನಿಯಲ್ಲೋ ಇದ್ದು ಇದನ್ನು ಓದುತ್ತಿರುವವರಿಗೆ ಗಟ್ಟಿ ಹವಳ ಸಲೀಸಾಗಿ ಸಿಗಬಹುದು. ಆದರೂ ಮೊದಲ ವರ್ಷ ಮೆತ್ತನೆಯವನ್ನೇ ಸಾಕಿ.

ನೀರು

ಹವಳ ಸಾಯುವುದಕ್ಕೆ ಕಾರಣ ಹುಡುಕಿದರೆ ಹತ್ತರಲ್ಲಿ ಏಳೆಂಟು ಬಾರಿ ನೀರಿನ ಬಳಿಗೇ ಬಂದು ನಿಲ್ಲುತ್ತೇವೆ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

ನಲ್ಲಿ ನೀರು ಬೇಡ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಅದರ ಗಡಸುತನದ ಜೊತೆಗೆ ಸಿಲಿಕಾ, ನೈಟ್ರೇಟ್ ಕೂಡ ಬರುತ್ತವೆ, ಅವು ಪಾಚಿಗೆ ಹಬ್ಬದೂಟ. ‘ಮನೆಯಲ್ಲಿ ಕುಡಿಯುವ ನೀರಿನ ಆರ್‌ಓ ಇದೆಯಲ್ಲ’ ಎನ್ನುತ್ತೀರಿ. ಅದೂ ಸಾಲದು. ರುಚಿಗೆಂದು ಅದರಲ್ಲಿ ಖನಿಜ ಬೆರೆಸುವ ಕಾರ್ಟ್ರಿಡ್ಜ್ ಇರುತ್ತದೆ, ಇಲ್ಲವೇ ಸ್ವಲ್ಪ ಹಸಿ ನೀರನ್ನು ಮರಳಿ ಸೇರಿಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಖನಿಜದ ಪ್ರಮಾಣ) ಕಂಟ್ರೋಲರ್ ಇರುತ್ತದೆ. ಟಿಡಿಎಸ್ ಪೆನ್ನು ಅದ್ದಿ ನೋಡಿ, ಸೊನ್ನೆ ಬರುವುದಿಲ್ಲ. ನಮಗೆ ಬೇಕಾದದ್ದು ಆರ್‌ಓ ಆದಮೇಲೆ ಉಳಿದ ಖನಿಜವನ್ನೂ ಹಿಡಿದುಕೊಳ್ಳುವ ಡಿಐ ರೆಸಿನ್ ಮೂಲಕ ಹಾದು ಸೊನ್ನೆಗೆ ಇಳಿದ ನೀರು. ಬೋರ್‌ವೆಲ್ ನೀರು ಬಳಸುವ ಮನೆಯಲ್ಲಿ ರೆಸಿನ್ ಬೇಗ ಮುಗಿಯುತ್ತದೆ. ಪೆನ್ನಿನಲ್ಲಿ ಒಂದು, ಎರಡು ಕಾಣಿಸಿತೆಂದರೆ ಬದಲಿಸುವ ಹೊತ್ತು ಬಂತು.

ಉಪ್ಪಿನ ವಿಷಯ. ಅಡುಗೆ ಉಪ್ಪು, ಕಲ್ಲುಪ್ಪು ಯಾವುದೂ ಆಗದು. ಸಮುದ್ರದ ನೀರಿನಲ್ಲಿರುವ ಮೆಗ್ನೀಷಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಎಲ್ಲ ಹದವಾಗಿ ಬೆರೆಸಿದ ರೀಫ್ ಸಾಲ್ಟ್ ಎಂದೇ ಸಿಗುತ್ತದೆ, ಅದನ್ನು ತನ್ನಿ. ಲೀಟರಿಗೆ ಸುಮಾರು 36 ಗ್ರಾಂ, ಅಂದರೆ ನಮ್ಮ ಟ್ಯಾಂಕ್ ತುಂಬಲು ಆರು ಕಿಲೋ. ದೊಡ್ಡ ಡ್ರಮ್ಮಿನಲ್ಲಿ ನೀರಿಟ್ಟು, ಒಳಗೆ ಪಂಪ್ ಓಡಿಸುತ್ತಾ, ನೀರಿಗೆ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಗಸಿಯಾಗಿ ತಳಕ್ಕೆ ಇಳಿದುಬಿಡುತ್ತದೆ. ಒಂದು ದಿನ ಬೆರೆಯಲು ಬಿಟ್ಟು ಆಮೇಲೆ ಅಳೆಯಿರಿ.

‘ಮಂಗಳೂರಿಗೆ ಹೋದಾಗ ನಾಲ್ಕು ಕ್ಯಾನ್ ಸಮುದ್ರದ ನೀರು ತಂದರೆ ಆಗದೇ?’ ಇದನ್ನು ಪ್ರತಿಯೊಬ್ಬ ಭಾವನೂ ಒಮ್ಮೆ ಕೇಳುತ್ತಾನೆ. ದಡದ ನೀರಿಗೆ ನದಿಯ ಕೆಸರು, ಊರಿನ ಕೊಳೆ, ದೋಣಿಯ ಡೀಸೆಲ್ ಎಲ್ಲ ಸೇರಿರುತ್ತದೆ. ಮಳೆಗಾಲದಲ್ಲಂತೂ ಉಪ್ಪಿನಂಶವೇ ಇಳಿದಿರುತ್ತದೆ. ಬೇಡ.

ಉಪ್ಪು ಅಳೆಯಲು ರಿಫ್ರಾಕ್ಟೋಮೀಟರ್ ಕೊಳ್ಳಿ. ಗುರಿ 35 ಪಿಪಿಟಿ (ಸಾವಿರದಲ್ಲಿ 35 ಪಾಲು ಉಪ್ಪು), ಸಾಂದ್ರತೆಯ ಲೆಕ್ಕದಲ್ಲಿ 1.025ರಿಂದ 1.026. ಆ ಉಪಕರಣವನ್ನು 35 ಪಿಪಿಟಿಯ ಪ್ರಮಾಣ ದ್ರಾವಣದಿಂದಲೇ ಸರಿಹೊಂದಿಸಿ. ಬರೀ ಶುದ್ಧ ನೀರಿನಲ್ಲಿ ಸೊನ್ನೆ ತೋರಿಸಿದ ಮಾತ್ರಕ್ಕೆ 35ರಲ್ಲೂ ಸರಿ ತೋರಿಸುತ್ತದೆ ಎನ್ನುವಂತಿಲ್ಲ.

ಇನ್ನೊಂದು, ಹೊಸಬರು ಎಡವುವ ಜಾಗ: ಟ್ಯಾಂಕಿನಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಮಟ್ಟ ಇಳಿದಾಗ ಶುದ್ಧ ನೀರನ್ನೇ ಹಾಕಬೇಕು, ಉಪ್ಪು ನೀರನ್ನಲ್ಲ. ನನ್ನ ಟ್ಯಾಂಕಿನಲ್ಲಿ ದಿನಕ್ಕೆ ಎರಡು ಲೀಟರ್ ಹೋಗುತ್ತದೆ, ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ಇನ್ನೂ ಹೆಚ್ಚು. ಇದನ್ನು ತಾನಾಗಿಯೇ ತುಂಬುವ ಆಟೋ ಟಾಪ್-ಅಪ್ ಸಾಧನ ಸಿಗುತ್ತದೆ. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್‌ಗೆ ಹಣ ಹಾಕುವ ಮೊದಲು ಇದಕ್ಕೆ ಹಾಕಿ ಎಂಬುದು ನನ್ನ ಅಭಿಪ್ರಾಯ.

ಟ್ಯಾಂಕ್ ಹೂಡುವುದು

ಇದನ್ನು ಬೇಗ ಮುಗಿಸುತ್ತೇನೆ. ಕಿಟಕಿಯ ಬಿಸಿಲು ಬೀಳದ ಗೋಡೆ ನೋಡಿಕೊಳ್ಳಿ. ಸ್ಟ್ಯಾಂಡು, ಕಲ್ಲು, ನೀರು ಎಲ್ಲ ಸೇರಿ 250 ಕಿಲೋ ದಾಟುತ್ತದೆ, ಆದ್ದರಿಂದ ಕಂಬ ಅಥವಾ ಬೀಮಿನ ಪಕ್ಕ ಇಡಿ. ಕಲ್ಲಿಗೆ ಸಮುದ್ರದ್ದು ಬೇಡ, ಸೆರಾಮಿಕ್ ಅಥವಾ ಕೈಯಿಂದ ತಯಾರಿಸಿದ ಒಣ ರೀಫ್ ರಾಕ್ ಸಾಕು. ನೀರನ್ನು ಅಲೆಯಂತೆ ಆಡಿಸುವ ವೇವ್‌ಮೇಕರ್ ಒಂದಕ್ಕಿಂತ ಎರಡು ಚಿಕ್ಕವು ವಾಸಿ. ಒಂದು ಕೆಟ್ಟರೂ ಇನ್ನೊಂದು ಇರುತ್ತದೆ. ಮೆತ್ತನೆ ಹವಳಗಳಿಗೆ ಗಂಟೆಗೆ ಟ್ಯಾಂಕಿನ ನೀರಿನ ಹತ್ತರಿಂದ ಇಪ್ಪತ್ತು ಪಟ್ಟು ಓಡಾಟ ಸಾಕು. ರೀಫ್ ಎಲ್‌ಇಡಿ ಲೈಟು, 100ರಿಂದ 150 ವಾಟಿನ ಹೀಟರು, ಥರ್ಮಾಮೀಟರು, ಒಂದು ಚೀಲ ಆಕ್ಟಿವೇಟೆಡ್ ಕಾರ್ಬನ್. ಹಿತ್ತಾಳೆ, ತಾಮ್ರದ ಯಾವ ಭಾಗವೂ ನೀರಿಗೆ ತಾಗಬಾರದು, ಅಕಶೇರುಕಗಳಿಗೆ ತಾಮ್ರ ವಿಷ. ಮೀನಿಗೆ ರೋಗ ಬಂದರೆ ತಾಮ್ರದ ಔಷಧಿಯನ್ನು ಬೇರೆ ತೊಟ್ಟಿಯಲ್ಲೇ ಕೊಡಬೇಕು, ಈ ಟ್ಯಾಂಕಿಗೆ ಎಂದಿಗೂ ಹಾಕಬಾರದು.

ಕಾಯುವ ಎಂಟು ವಾರ

ತುಂಬಿಸಿದ ಮರುದಿನ ಟ್ಯಾಂಕ್ ಕನ್ನಡಿಯ ಹಾಗೆ ಹೊಳೆಯುತ್ತದೆ. ಹವಳ ತರಲು ಕೈ ತುರಿಸುತ್ತದೆ. ತಡೆದುಕೊಳ್ಳಿ.

ಮೊದಲು ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಯಬೇಕು. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷದಲ್ಲಿ ಎರಡು ಪಾಲು) ತಂದು, ಬಾಟಲಿ ಬ್ಯಾಕ್ಟೀರಿಯಾ ಸೇರಿಸಿ, ಎರಡು ದಿನಕ್ಕೊಮ್ಮೆ ಅಳೆಯಿರಿ. ಹಳಬರು ಒಂದು ಹಸಿ ಸಿಗಡಿಯನ್ನು ಒಳಗೆ ಬಿಟ್ಟು ಕೊಳೆಸುತ್ತಿದ್ದರು. ಅದರಿಂದಲೂ ಕೆಲಸ ಆಗುತ್ತದೆ, ಆದರೆ ಮನೆಯವರ ಜೊತೆಗಿನ ಸಂಬಂಧ ಕೆಡುತ್ತದೆ. ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಅದೂ ಇಳಿದು ನೈಟ್ರೇಟ್ ಕಾಣಿಸುತ್ತದೆ. ಹಾಕಿದ ಅಮೋನಿಯಾ ಒಂದು ದಿನದೊಳಗೆ ಸೊನ್ನೆಯಾದರೆ ಈ ಹಂತ ಮುಗಿಯಿತು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಆದರೆ ಟ್ಯಾಂಕ್ ಇನ್ನೂ ಹಸಿಗೂಸು. ಒಂದೆರಡು ಗಟ್ಟಿ ಮೀನು ಬಿಡಿ, ಕ್ಲೌನ್‌ಫಿಶ್ ಜೋಡಿಯಾದರೂ ಆದೀತು. ಈಗ ಕೊಳಕು ಕಾಲ ಶುರು. ಮೊದಲು ಮರಳಿನ ಮೇಲೆ ಕಂದು ಪುಡಿ, ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಆಮೇಲೆ ಹಸಿರು ಕೂದಲಿನಂಥ ಪಾಚಿ, ನಡುವೆ ಕಡುಗೆಂಪು ಹಾಳೆಯಂಥ ಸಯನೋಬ್ಯಾಕ್ಟೀರಿಯಾ. ಎಲ್ಲ ಹೊಸ ಟ್ಯಾಂಕ್‌ಗಳೂ ಇದನ್ನು ದಾಟಿಯೇ ಬರುತ್ತವೆ. ಟ್ರೋಕಸ್, ಟರ್ಬೊ ಬಸವನಹುಳು ಐದಾರು ಬಿಡಿ, ಕೈಯಿಂದ ಕೀಳುವಷ್ಟು ಕೀಳಿ, ಕೆಂಪು ಹಾಳೆಯನ್ನು ಪೈಪಿನಿಂದ ಹೀರಿ ತೆಗೆದು ಅಲ್ಲಿ ನೀರಿನ ಓಡಾಟ ಹೆಚ್ಚಿಸಿ. ಪಾಚಿ ಕೊಲ್ಲುವ ಬಾಟಲಿಗಳ ಕಡೆ ಹೋಗಬೇಡಿ.

ಒಂದೇ ಒಂದಕ್ಕೆ ಹೆದರಬೇಕು. ಮಧ್ಯಾಹ್ನದ ಹೊತ್ತಿಗೆ ಸಿಂಬಳದಂಥ ಕಂದು ಎಳೆ, ಅದರ ತುದಿಯಲ್ಲಿ ಗಾಳಿಗುಳ್ಳೆ, ಲೈಟ್ ಆರಿದ ಮೇಲೆ ಹೆಚ್ಚು ಕಮ್ಮಿ ಮಾಯ: ಇದು ಡೈನೊ, ಅಂದರೆ ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ. ನೀರು ಬಹಳ ಸ್ವಚ್ಛವಾದಾಗ, ಅಂದರೆ ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದಾಗ ಹೆಚ್ಚಾಗಿ ಬರುತ್ತದೆ. ಪಾಚಿಗೆ ಹೆದರಿ ಫಾಸ್ಫೇಟ್ ಹೀರುವ ಪುಡಿ ತುಂಬಿದವರ ಮನೆಗೇ ಇದು ಮೊದಲು ಹೋಗುವುದು. ಆ ಪುಡಿ ತೆಗೆಯಿರಿ, ಮೀನಿಗೆ ಊಟ ಹೆಚ್ಚಿಸಿ, ಕೆಲವು ವಾರ ನೀರು ಬದಲಿಸುವುದನ್ನು ನಿಲ್ಲಿಸಿ. ನೈಟ್ರೇಟ್ 5 ಪಿಪಿಎಂ, ಫಾಸ್ಫೇಟ್ 0.05ರ ಆಸುಪಾಸಿಗೆ ಬರಲಿ.

ಹವಳ ತರುವ ದಿನ

ಎಂಟನೇ ವಾರದ ಹೊತ್ತಿಗೆ ಒಂದು ಮಶ್ರೂಮ್ ಅಥವಾ ಒಂದು ಚಿಕ್ಕ ಜೋವಾಂಥಿಡ್ ಫ್ರ್ಯಾಗ್ (ದೊಡ್ಡ ಹವಳದಿಂದ ಕತ್ತರಿಸಿದ ತುಂಡು) ತನ್ನಿ. ಒಂದು, ನಾಲ್ಕಲ್ಲ. ಅಂಗಡಿಯಲ್ಲಿ ನೀಲಿ ಬೆಳಕಿನಡಿ ಎಲ್ಲವೂ ಬಣ್ಣದ ತೇರಿನ ಹಾಗೆ ಕಾಣುತ್ತದೆ, ಹಾಗಾಗಿ ಬಿಳಿ ಬೆಳಕು ಹಾಕಿಸಿ ನೋಡಿ. ಅರಳಿರಬೇಕು, ಬುಡದಲ್ಲಿ ಕೊಳೆತ ಕಲೆ ಇರಬಾರದು. ಫ್ರ್ಯಾಗ್ ಕೂತ ಬಿಲ್ಲೆಯ ಮೇಲೆ ಪುಟ್ಟ ಕಂದು ಹೂವಿನಂಥದ್ದು ಇದ್ದರೆ ಅದು ಐಪ್ಟಾಸಿಯಾ, ನಮ್ಮ ಹೊಲಗಳ ಕಾಂಗ್ರೆಸ್ ಗಿಡದ ಸಮುದ್ರದ ಅಣ್ಣ. ಒಂದು ಒಳಗೆ ಬಂದರೆ ವರ್ಷಗಟ್ಟಲೆ ಕಾಟ.

ಮನೆಗೆ ಬಂದಮೇಲೆ ಚೀಲವನ್ನು ಹಾಗೇ ಇಪ್ಪತ್ತು ನಿಮಿಷ ತೇಲಿಬಿಟ್ಟು ಬಿಸಿ ಸಮ ಮಾಡಿ. ಚೀಲದ ನೀರಿನ ಉಪ್ಪು ಅಳೆಯಿರಿ. ಹೆಚ್ಚು ವ್ಯತ್ಯಾಸವಿದ್ದರೆ ಸಣ್ಣ ಪೈಪಿನಲ್ಲಿ ಹನಿ ಹನಿಯಾಗಿ ಟ್ಯಾಂಕಿನ ನೀರು ಬೆರೆಸಿ ಹೊಂದಿಸಿ. ಆಮೇಲೆ ಟ್ಯಾಂಕಿನ ನೀರು ತುಂಬಿದ ಒಂದು ಡಬ್ಬಿಯಲ್ಲಿ ಹುಳು ಉದುರಿಸುವ ಕೋರಲ್ ಡಿಪ್ ದ್ರಾವಣ ಬೆರೆಸಿ, ಲೇಬಲ್ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷ, ಹವಳವನ್ನು ಅದ್ದಿ ಮೆಲ್ಲಗೆ ಅಲುಗಾಡಿಸಿ. ಚಪ್ಪಟೆ ಹುಳು, ಜೋವಾಂಥಿಡ್ ತಿನ್ನುವ ನ್ಯುಡಿಬ್ರಾಂಕ್ (ಚಿಪ್ಪಿಲ್ಲದ ಸಮುದ್ರದ ಬಸವನಹುಳು) ಉದುರುತ್ತವೆ. ಅವುಗಳ ಮೊಟ್ಟೆ ಮಾತ್ರ ಡಿಪ್‌ಗೆ ಜಗ್ಗುವುದಿಲ್ಲ, ಆದ್ದರಿಂದ ಸಾಧ್ಯವಾದರೆ ಹಳೆ ಬಿಲ್ಲೆ ಕಿತ್ತುಹಾಕಿ ಹೊಸದಕ್ಕೆ ಅಂಟಿಸಿ. ಇನ್ನೊಂದು ಡಬ್ಬಿಯಲ್ಲಿ ಜಾಲಿಸಿ ಟ್ಯಾಂಕಿಗೆ ಬಿಡಿ. ಚೀಲದ ನೀರು, ಡಿಪ್ ನೀರು ಎರಡೂ ಚರಂಡಿಗೆ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ತಮಾಷೆಯಾಗಿ ತೆಗೆದುಕೊಳ್ಳಬೇಡಿ. ಜೋವಾಂಥಿಡ್ ಮತ್ತು ಅದೇ ಬಳಗದ ಪ್ಯಾಲಿಥೋವಾಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ವಿಷವಿದೆ, ಜೀವಿಗಳು ತಯಾರಿಸುವ ಅತಿ ಉಗ್ರ ವಿಷಗಳಲ್ಲಿ ಅದೂ ಒಂದು. ಕತ್ತರಿಸುವಾಗ, ಬಿಲ್ಲೆ ಕೀಳುವಾಗ ಕೈಗವಸು ಮತ್ತು ಕನ್ನಡಕ ಕಡ್ಡಾಯ. ಕೈಯಲ್ಲಿ ಗಾಯವಿದ್ದರೆ ಆ ದಿನ ಮುಟ್ಟಬೇಡಿ. ಅವು ಬೆಳೆದ ಕಲ್ಲನ್ನು ಬಿಸಿನೀರಲ್ಲಿ ಕುದಿಸುವುದು, ಬ್ರಷ್ ಹಾಕಿ ಒಣಗಿದ್ದನ್ನು ಉಜ್ಜುವುದು ಎಂದಿಗೂ ಬೇಡ, ಆವಿ ಮತ್ತು ಧೂಳಿನಿಂದಲೇ ಮನೆಮಂದಿ ಆಸ್ಪತ್ರೆ ಸೇರಬೇಕಾಗುತ್ತದೆ. ಮುಟ್ಟಿದ ಮೇಲೆ ಉಸಿರಾಟ ಕಷ್ಟ, ಬಾಯಲ್ಲಿ ಲೋಹದ ರುಚಿ, ಮೈಕೈ ನೋವು ಕಂಡರೆ ತಡಮಾಡದೆ ಡಾಕ್ಟರ ಬಳಿ ಹೋಗಿ ಹವಳದ ವಿಷ ಎಂದು ಹೇಳಿ.

ಎಲ್ಲಿಡಬೇಕು, ಎಷ್ಟು ಬೆಳಕು

ಯಾವುದೇ ಹವಳವಿರಲಿ, ಮೊದಲ ಎರಡು ವಾರ ಮರಳಿನ ಮಟ್ಟದಲ್ಲಿಡಿ. ಲೈಟನ್ನು ಶೇ 30–40ರಲ್ಲಿ ಶುರುಮಾಡಿ, ವಾರಕ್ಕೆ ಶೇ 5ರಂತೆ ಏರಿಸಿ, ದಿನಕ್ಕೆ ಎಂಟು ಗಂಟೆ. ಕಡಿಮೆ ಬೆಳಕಿನಲ್ಲಿ ಹವಳ ಸೊರಗಲು ವಾರಗಳು ಬೇಕು, ಹೆಚ್ಚಾದರೆ ಎರಡೇ ದಿನದಲ್ಲಿ ಬೆಳ್ಳಗಾಗುತ್ತದೆ. ಮಶ್ರೂಮ್‌ಗೆ ನೆರಳು, ನಿಧಾನ ನೀರು ಇಷ್ಟ. ಬೆಳಕಿನ ಅಳತೆ ಗೊತ್ತಿರುವವರಿಗೆ 50ರಿಂದ 100 ಪಾರ್. ಜೋವಾಂಥಿಡ್ ಮಧ್ಯದಲ್ಲಿ. ಲೆದರ್ ಇನ್ನೂ ಸ್ವಲ್ಪ ಮೇಲೆ, ನೀರು ಚೆನ್ನಾಗಿ ಆಡುವ ಕಡೆ, ಪೊರೆ ಕಳಚಿ ಹೋಗಲು ಅದಕ್ಕೆ ಅಲೆ ಬೇಕು. ಜೀನಿಯಾ ಮತ್ತು ಕೆನ್ಯಾ ಟ್ರೀಗೆ ಒಂದು ಒಂಟಿ ಕಲ್ಲು ಕೊಟ್ಟು ದ್ವೀಪದ ಹಾಗೆ ಬೇರೆ ಇಡಿ. ದೊಡ್ಡ ಬಂಡೆಗೆ ಹತ್ತಿದರೆ ಎಲ್ಲವನ್ನೂ ಮುಚ್ಚಿಹಾಕುತ್ತವೆ.

ಲೆದರ್ ಹವಳ ನೀರಿಗೆ ಟರ್ಪೀನ್ ಎಂಬ ರಾಸಾಯನಿಕ ಬಿಟ್ಟು ನೆರೆಯವರನ್ನು ಕುಗ್ಗಿಸುತ್ತದೆ. ಕಣ್ಣಿಗೆ ಕಾಣದ ಈ ಜಗಳಕ್ಕಾಗಿಯೇ ಕಾರ್ಬನ್ ಚೀಲ ಇರುವುದು. ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸಿ.

ವಾರದ ಕೆಲಸ

ಭಾನುವಾರ ಬೆಳಿಗ್ಗೆ ಒಂದು ಗಂಟೆ ಸಾಕು. ಗಾಜು ಉಜ್ಜಿ, 16 ಲೀಟರ್ ತೆಗೆದು ಅಷ್ಟೇ ಹೊಸ ಉಪ್ಪುನೀರು ಹಾಕಿ. ಅದರ ಬಿಸಿ, ಉಪ್ಪು ಟ್ಯಾಂಕಿನಷ್ಟೇ ಇರಬೇಕು. ಆಮೇಲೆ ಉಪ್ಪು, ಆಲ್ಕಲಿನಿಟಿ, ನೈಟ್ರೇಟ್, ಫಾಸ್ಫೇಟ್ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಫೋನಿನಲ್ಲಿ ಬರೆದರೆ ಮತ್ತೆ ನೋಡುವುದಿಲ್ಲ, ನನ್ನ ಅನುಭವ.

ಆಲ್ಕಲಿನಿಟಿ 7ರಿಂದ 9 ಡಿಕೆಎಚ್ (ಅದನ್ನು ಅಳೆಯುವ ಏಕಮಾನ) ನಡುವೆ ಎಲ್ಲಿದ್ದರೂ ಪರವಾಗಿಲ್ಲ, ಆದರೆ ಅಲ್ಲೇ ಇರಲಿ. 7.4 ಇದ್ದದ್ದನ್ನು 8.5 ಮಾಡುವ ಹಟ ಬೇಡ. 7ಕ್ಕಿಂತ ಕೆಳಗಿಳಿದರೆ ಮಾತ್ರ ಅಡುಗೆ ಸೋಡ ಹಾಕಿ, ಬೇಕಿಂಗ್ ಪೌಡರ್ ಅಲ್ಲ. 100 ಲೀಟರಿಗೆ 3 ಗ್ರಾಂ ಸೋಡ ಹಾಕಿದರೆ 1 ಡಿಕೆಎಚ್ ಏರುತ್ತದೆ. ನಮ್ಮ 160 ಲೀಟರಿಗೆ ದಿನಕ್ಕೆ ಎರಡೂವರೆ ಗ್ರಾಂ, ಅಂದರೆ ಅರ್ಧ ಡಿಕೆಎಚ್ ಮೀರಬೇಡಿ. ಶುದ್ಧ ನೀರಲ್ಲಿ ಕರಗಿಸಿ ವೇವ್‌ಮೇಕರ್ ಮುಂದೆ ನಿಧಾನ ಸುರಿಯಿರಿ. ಕ್ಯಾಲ್ಸಿಯಂ 400–450, ಮೆಗ್ನೀಷಿಯಂ 1250–1350 ಪಿಪಿಎಂ, ಇವನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು, ನೀರು ಬದಲಿಸುವುದರಿಂದಲೇ ಸರಿಹೋಗುತ್ತವೆ. ಪಿಎಚ್ 7.9 ಇದೆ ಎಂದು ನಿದ್ದೆಗೆಡಬೇಡಿ. ಕಿಟಕಿ ಮುಚ್ಚಿದ ಮನೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಹಾಗಾಗುತ್ತದೆ, ಕಿಟಕಿ ತೆರೆಯಿರಿ.

ಯಾವುದೋ ಒಂದು ಅಂಕಿ ವಿಚಿತ್ರ ಕಂಡರೆ ಮೊದಲು ಮತ್ತೊಮ್ಮೆ ಅಳೆಯಿರಿ. ನೀರು ಕೆಟ್ಟಿರುವುದಕ್ಕಿಂತ ಕಿಟ್ಟಿನ ದ್ರಾವಣ ಹಳತಾಗಿರುವುದೇ ಹೆಚ್ಚು. ಮುದುಡಿದ ಹವಳ ಕಂಡರೆ ಉಪ್ಪು ಮತ್ತು ಬಿಸಿ ನೋಡಿ. ಎರಡೂ ಸರಿಯಿದ್ದರೆ ಒಂದು ವಾರ ಬಿಟ್ಟುಬಿಡಿ. ಮೈ ಕರಗಿ ನಾರುತ್ತಿದ್ದರೆ ಮಾತ್ರ ತಕ್ಷಣ ಹೊರತೆಗೆದು ಕೊಳೆತ ಭಾಗ ಕತ್ತರಿಸಿ.

ಏಪ್ರಿಲ್ ಮತ್ತು ಕರೆಂಟು

ನೀರು 25–26.5 ಡಿಗ್ರಿ ಇರಲಿ. ಏಪ್ರಿಲ್‌ನಲ್ಲಿ ಬೆಂಗಳೂರಿನ ಹಾಲ್ 32 ದಾಟಿದಾಗ ಪಂಪು, ಲೈಟಿನ ಬಿಸಿಯೂ ಸೇರಿ ನೀರು 30ಕ್ಕೆ ಹೋಗುತ್ತದೆ. ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲ್ಮೈಗೆ ಬೀಸುವಂತೆ ಚಿಕ್ಕ ಫ್ಯಾನ್ ಕಟ್ಟಿ: ಒಣ ಹವೆಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರು, ಉಡುಪಿಯ ಸೆಕೆಯಲ್ಲಿ ಆವಿಯೇ ಏಳದ ಕಾರಣ ಈ ಉಪಾಯ ಸರಿಯಾಗಿ ನಡೆಯದು, ಅಲ್ಲಿ ಚಿಲ್ಲರ್ ಇಲ್ಲದೆ ಶುರುಮಾಡಲೇಬೇಡಿ. ಲೈಟಿನ ಸಮಯವನ್ನು ಸಂಜೆ ಮೂರರಿಂದ ರಾತ್ರಿ ಹನ್ನೊಂದಕ್ಕೆ ಬದಲಿಸಿದರೂ ಒಂದಿಷ್ಟು ಬಿಸಿ ತಪ್ಪುತ್ತದೆ.

ಕರೆಂಟ್ ಹೋದಾಗ ಮೊದಲು ಒದಗುವ ಅಪಾಯ ಆಮ್ಲಜನಕದ ಕೊರತೆ. ಮನೆಯ ಯುಪಿಎಸ್ ಲೈನಿಗೆ ಒಂದು ವೇವ್‌ಮೇಕರ್ ಮಾತ್ರ ಹಾಕಿ, ಹೀಟರ್ ಚಿಲ್ಲರ್ ಬೇಡ. ಯುಪಿಎಸ್ ಇಲ್ಲದಿದ್ದರೆ ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ. ಅದೂ ಇಲ್ಲವೆಂದರೆ ಚೊಂಬಿನಲ್ಲಿ ನೀರು ಮೊಗೆದು ಒಂದಡಿ ಮೇಲಿಂದ ಸುರಿಯುತ್ತಿರಿ. ನಾನು ಒಂದು ಮಳೆಯ ರಾತ್ರಿ ಎರಡು ಗಂಟೆ ಹಾಗೆ ಮಾಡಿದ್ದೇನೆ, ಒಂದೂ ಸಾಯಲಿಲ್ಲ.

ಊರಿಗೆ ಹೋಗುವಾಗ

ದಸರೆಗೋ ಮದುವೆಗೋ ಹತ್ತು ದಿನ ಹೊರಟರೆ, ಹೊರಡುವ ವಾರ ಹೊಸ ಹವಳ, ಹೊಸ ಮೀನು, ಹೊಸ ಉಪಕರಣ ಯಾವುದೂ ಬೇಡ. ಟಾಪ್-ಅಪ್ ಡ್ರಮ್ ತುಂಬಿಸಿ. ಹತ್ತು ದಿನ ಹವಳಕ್ಕೆ ಏನೂ ಹಾಕಬೇಕಿಲ್ಲ, ಅದರ ಊಟ ಬೆಳಕಿನಿಂದಲೇ ನಡೆಯುತ್ತದೆ. ಮೀನಿನ ಊಟವನ್ನು ಎರಡು ದಿನಕ್ಕೊಂದರಂತೆ ಚಿಟಿಕೆ ಚಿಟಿಕೆಯಾಗಿ ಮಾತ್ರೆ ಡಬ್ಬಿಯಲ್ಲಿ ತುಂಬಿಡಿ, ಪಾಕೆಟ್ಟನ್ನು ಬೀರುವಿನೊಳಗಿಟ್ಟು ಬೀಗ ಹಾಕಿ. ನಾನು ಪಾಕೆಟ್ಟನ್ನೇ ಮೇಜಿನ ಮೇಲೆ ಬಿಟ್ಟು ಹೋದ ವರ್ಷ, ಪಕ್ಕದ ಮನೆಯ ಆಂಟಿ ‘ಪಾಪ, ಹಸಿದಿವೆ’ ಎಂದು ನಾಲ್ಕು ದಿನದಲ್ಲಿ ಅರ್ಧ ಪಾಕೆಟ್ ಉಣಿಸಿದ್ದರು. ಈಗ ಟ್ಯಾಂಕಿನ ಗಾಜಿಗೆ ಒಂದು ಚೀಟಿ ಅಂಟಿಸಿ ಹೋಗುತ್ತೇನೆ: ‘ಆಂಟಿ, ಪಂಪ್ ಓಡ್ತಾ ಇದ್ಯಾ ನೋಡಿ. ಥರ್ಮಾಮೀಟರ್ 28 ದಾಟಿದ್ರೆ ಫ್ಯಾನ್ ಹಾಕಿ ನಂಗೆ ಫೋನ್ ಮಾಡಿ. ಲೆದರ್ ಮುದುಡ್ಕೊಂಡಿದ್ರೆ ಏನೂ ಮಾಡ್ಬೇಡಿ.’